ಎಪ್ಪತ್ತರಲ್ಲಿ ನಿಂತ ಮುಳ್ಳು

ಕಾಕಾ ಅವರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾಂಸದ ಒಂದು ಎಳೆ ಇತ್ತು. ದಾರದಷ್ಟು ಸಣ್ಣದು, ಗಾಢ ಕಂದು, ತುದಿಯಲ್ಲಿ ಜಿಡ್ಡಿನ ಹೊಳಪು. ಅಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಆಮೇಲೆ ಅವರು ಅದನ್ನು ಹೆಂಡತಿಯ ತುಟಿಗೆ ಮುಟ್ಟಿಸಿದರು, ಆಕೆಯ ತುಟಿ ಅಲುಗಿತು, ಕೊನೆಗೆ ಅದೇ ಎಳೆಯನ್ನು ಕಾಕಾ ತಮ್ಮ ಬಾಯಿಗಿಟ್ಟುಕೊಂಡರು. ಇದು ನನ್ನ ನೆನಪು. ಅವರ ಮಗಳು ಹೇಳುವುದು ಬೇರೆ. ಅಪ್ಪ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸುಮ್ಮನೆ ಕುಳಿತುಬಿಟ್ಟರು, ಬೇರೇನೂ ನಡೆಯಲಿಲ್ಲ ಎನ್ನುತ್ತಾಳೆ. ಇಬ್ಬರೂ ಅದೇ ಕೋಣೆಯಲ್ಲಿದ್ದೆವು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಮನೆಯನ್ನು ನೆನೆದಾಗಲೆಲ್ಲ ಟ್ರಾಮ್ ಗಂಟೆ ಕೇಳಿಸುತ್ತದೆ. ಆದರೆ ಟ್ರಾಮ್ ಹಳಿ ಆ ಬೀದಿಯಿಂದ ಎಷ್ಟೋ ದೂರ.

ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿದ್ದ ಆ ಮನೆಯ ಅಟ್ಟದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಬೆಂಗಳೂರಿನಿಂದ ಪಿಎಚ್‌ಡಿ ಮಾಡಲು ಬಂದವನು, ಮುಗಿದ ಮೇಲೂ ಅಲ್ಲೇ ಉಳಿದೆ. ಕಾಕಾ ಧಾರವಾಡದವರು. ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ, ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯರಾಗಿದ್ದು ನಿವೃತ್ತರಾಗಿದ್ದರು. ಮೊದಲ ದಿನ ನಾನು ‘ಡಾಕ್ಟ್ರೇ’ ಎಂದಾಗ, “ಡಾಕ್ಟರ್ ಅನಬ್ಯಾಡಪಾ. ಈಗ ನಾ ಯಾರನ್ನೂ ಮಲಗಿಸೂದಿಲ್ಲ. ಕಾಕಾ ಅನ್ನು” ಎಂದರು. ಕೈ ಕುಲುಕುವಾಗ ಅವರ ಬೆರಳು ತಾನಾಗಿ ಎದುರಿನವರ ಮಣಿಕಟ್ಟಿಗೆ ಜಾರುತ್ತಿತ್ತು. ನಾಡಿ ನೋಡದೆ ಬಿಡುತ್ತಿರಲಿಲ್ಲ. ಏನು ಹೇಳಿದರೂ ‘ಹೌದಾ, ಹೇಗೆ ಗೊತ್ತು?’ ಎಂದು ಕೇಳುವ ನನಗೆ ‘ಪಂಡಿತ’ ಎಂದು ಹೆಸರಿಟ್ಟಿದ್ದರು. “ಏ ಪಂಡಿತ, ಚಹಾ ಬಿಸಿ ಅದ. ಬೇಕಾದ್ರ ಬೆರಳ ಅದ್ದಿ ನೋಡು.”

ಅವರ ಹೆಂಡತಿ ಇದೇ ಊರಿನ ಇಂಗ್ಲಿಷ್ ಹೆಂಗಸು. ನಾನು ಆಂಟಿ ಎನ್ನುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಕಾಕಾ ಅವರ ತಾಯಿ ಬಂದು ಒಂದು ವರ್ಷ ಇದ್ದರಂತೆ. ಅತ್ತೆಯಿಂದ ಆಂಟಿ ಕಲಿತ ಕನ್ನಡ ಒಂದು ಹಿಡಿಯಷ್ಟು: ‘ಬರ್ರಿ’, ‘ಸಾಕ್ರಿ’, ‘ಆತೇನ್ರೀ?’ ಗಂಡನಿಗೆ ಬೇರೆಲ್ಲ ಇಂಗ್ಲಿಷಿನಲ್ಲೇ ಹೇಳಿದರೂ ಆ ‘ರೀ’ ಮಾತ್ರ ಬಿಡುತ್ತಿರಲಿಲ್ಲ. ಅತ್ತೆ ಬಂದಾಗ ಅಡುಗೆಮನೆಯಿಂದ ಹೊರಹೋದ ಮಾಂಸ ಮತ್ತೆ ಒಳಗೆ ಬರಲೇ ಇಲ್ಲ. ಯಾರೂ ಬೇಡ ಅಂದಿರಲಿಲ್ಲ. ಬೇಕೆನಿಸಿದಾಗ ಆಂಟಿ ತಂಗಿಯ ಮನೆಗೆ ಹೋಗಿ ತಿಂದು ಬರುತ್ತಿದ್ದರು.

ಆಂಟಿಗೆ ಕಾಯಿಲೆ ಬಂದು ಗಂಟಲಿನವರೆಗೆ ಹಬ್ಬಿತು. ಮಂಚ ಕೆಳಗಿನ ಮುಂದಿನ ಕೋಣೆಗೆ ಬಂತು. ಗಂಜಿ, ಸೂಪು, ಮೊಸರು, ಯಾವುದೂ ಸೇರುತ್ತಿರಲಿಲ್ಲ. ಒಂದು ದಿನ, ಯಾರೂ ಕೇಳದೆಯೇ, ತಮ್ಮ ತಾಯಿ ಭಾನುವಾರಗಳಲ್ಲಿ ಮಾಡುತ್ತಿದ್ದ ಬ್ರಿಸ್ಕೆಟ್ ನೆನೆಸಿಕೊಂಡರು. ಬ್ರಿಸ್ಕೆಟ್ ಎಂದರೆ ದನದ ಎದೆಯ ಭಾಗದ ಮಾಂಸ. ಬಹಳ ಗಟ್ಟಿ. ಸಣ್ಣ ಕಾವಿನಲ್ಲಿ ತಾಸುಗಟ್ಟಲೆ ಬೆಂದರೆ ಮಾತ್ರ ಎಳೆ ಎಳೆಯಾಗಿ ಬಿಡುತ್ತದೆ. “ಅಮ್ಮ ಮುಚ್ಚಳ ಹಾಕುತ್ತಿರಲಿಲ್ಲ, ಮೇಲೆ ಕಪ್ಪಗಾಗಬೇಕು” ಎಂದರು ಆಂಟಿ.

“ಮಾಡೋಣಂತ,” ಎಂದರು ಕಾಕಾ.

ಅಡುಗೆಮನೆಗೆ ಬಂದ ಮೇಲೆ ನಾನು, “ಕಾಕಾ, ನಾನು ಮಾಡ್ತೀನಿ ಬಿಡಿ. ನಾನು ಎಲ್ಲಾ ತಿನ್ನೋನು” ಎಂದೆ.

“ನೀ ತಿನ್ನಾಂವ. ಉಣಸಾಂವ ನಾನು.”

ಮಾಂಸದಂಗಡಿಗೆ ಇಬ್ಬರೂ ಹೋದೆವು. ಬ್ರಿಸ್ಕೆಟ್ ಅಂದರೆ ಯಾವ ಭಾಗ ಎಂದು ನಾನು ಕೇಳಿದಾಗ ಅಂಗಡಿಯವನು ತನ್ನ ಎದೆಗೇ ಅಂಗೈ ಬಡಿದು ತೋರಿಸಿದ. ಕಾಕಾ ಆ ಸ್ನಾಯುವಿನ ಲ್ಯಾಟಿನ್ ಹೆಸರು ಹೇಳಿದರು. ಅವನು ನಕ್ಕು, ಎಷ್ಟು ಜನಕ್ಕೆ ಎಂದು ಕೇಳಿದ. “ಒಬ್ಬರಿಗೆ” ಎಂದರು ಕಾಕಾ. ಅವನು ಒಂದು ಕುಟುಂಬಕ್ಕಾಗುವಷ್ಟು ಕಟ್ಟಿಕೊಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಆ ಪೊಟ್ಟಣವನ್ನು ಅವರು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದರು. “ಆಯುಷ್ಯ ಎಲ್ಲಾ ಜೀವಂತ ಮಾಂಸದ ಜೋಡಿ ಕೆಲಸಾ ಮಾಡೇನಿ, ಪಂಡಿತ. ಸತ್ತದ್ದು ಇದ ಮೊದಲು.”

ಅಡುಗೆಮನೆಯ ಮೂಲೆಯ ಕಪಾಟಿನಲ್ಲಿ ದೇವರಿದ್ದವು. ಮರುದಿನ ನಸುಕಿನಲ್ಲಿ ನನ್ನ ಕೋಣೆಯ ಬಾಗಿಲು ಬಡಿದ ಸದ್ದಿಗೆ ಎದ್ದು ನೋಡಿದರೆ ಕಾಕಾ ತಟ್ಟೆಯಲ್ಲಿ ದೇವರನ್ನೆಲ್ಲ ಜೋಡಿಸಿಕೊಂಡು, ಏದುಸಿರು ಬಿಡುತ್ತ ನಿಂತಿದ್ದರು. ದೇವರನ್ನು ನಂಬದ ನನ್ನ ಮೇಜಿನ ಮೇಲಿನ ಪುಸ್ತಕಗಳನ್ನು ಅವರೇ ಸರಿಸಿ ಜಾಗ ಮಾಡಿದರು.

“ಇವತ್ತೊಂದ ದಿನ ಇಲ್ಲೆ ಇರ್ಲಿ. ಬಾಡಿಗಿ ಕೇಳಬ್ಯಾಡ.”

“ಅವರಿಗೆ ನನ್ನ ಕೋಣೆ ಒಗ್ಗುತ್ತಾ ಕಾಕಾ?”

“ನಿನ್ನ ಅವ್ರು ಸಹಿಸ್ಕೋತಾರ. ನೀ ಅವ್ರನ್ನ ಸಹಿಸ್ಕೋ.”

ಕೆಳಗೆ ಅವರು ಕೈಗವಸು ಹಾಕಿಕೊಂಡು ಮಾಂಸಕ್ಕೆ ಉಪ್ಪು, ಮೆಣಸಿನ ಪುಡಿ ಸವರಿದರು. ಈರುಳ್ಳಿ, ಗಜ್ಜರಿ ಕೆಳಗೆ ಹಾಸಿ, ಓವನ್ನಿನೊಳಗಿಟ್ಟು, ಉದ್ದನೆಯ ಸೂಜಿಯ ಥರ್ಮಾಮೀಟರನ್ನು ನಡುವಿಗೆ ಚುಚ್ಚಿದರು. ಗುಂಡನೆಯ ಮುಖ, ಒಳಗೊಂದು ಮುಳ್ಳು. ಮುಳ್ಳು ತೊಂಬತ್ತು ದಾಟಿದರೆ ಮಾಂಸ ಬಿಡುತ್ತದೆ ಎಂಬುದು ಲೆಕ್ಕ. ಆಂಟಿ ಎಚ್ಚರವಾಗಿ, ಮಾತಾಡುವ ಸ್ಥಿತಿಯಲ್ಲಿ ಇರುತ್ತಿದ್ದದ್ದು ಮಧ್ಯಾಹ್ನದ ಹೊತ್ತು ಮಾತ್ರ. ಅಷ್ಟರೊಳಗೆ ಆಗಬೇಕಿತ್ತು. ಕಾಕಾ ಕುರ್ಚಿ ಎಳೆದುಕೊಂಡು ಓವನ್ನಿನ ಗಾಜಿನೆದುರು ಕುಳಿತರು. ಆಪರೇಷನ್ ಕೋಣೆಯಲ್ಲಿ ಹೀಗೇ ಕೂರುತ್ತಿದ್ದರೇನೋ. ಓದಲಿಲ್ಲ, ರೇಡಿಯೋ ಹಾಕಲಿಲ್ಲ.

ಸ್ಟ್ರಾಟ್‌ಫರ್ಡಿನಿಂದ ಮಗಳು ಬಂದಳು. ಆಕೆಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಷ್ಟು ಹೊತ್ತಿಗೆ ಮನೆಯೆಲ್ಲ ಪರಿಮಳ. ಮುಂದಿನ ಕೋಣೆಯಿಂದ ಆಂಟಿಯ ಸಣ್ಣ ದನಿ ಬಂತು.

“ಆತೇನ್ರೀ?”

“ಇನ್ನಾ ಇಲ್ಲ. ಸ್ವಲ್ಪ ತಡಿ.”

ಮುಳ್ಳು ಎಪ್ಪತ್ತಕ್ಕೆ ಬಂದು ನಿಂತಿತು. ಮೊದಲು ನಾವು ಯಾರೂ ಲಕ್ಷ್ಯ ಕೊಡಲಿಲ್ಲ. ಮಧ್ಯಾಹ್ನ ಜಾರತೊಡಗಿತು, ಮುಳ್ಳು ಅಲ್ಲೇ ಇತ್ತು. ಆಂಟಿ ಮತ್ತೆ ಕೇಳಿದರು. ಕಾಕಾ ಮತ್ತೆ ತಡಿ ಎಂದರು. ಮಗಳು ಬಗ್ಗಿ ನೋಡಿದಳು.

“ಡ್ಯಾಡ್, ಈ ಮೀಟರ್ ಕೆಟ್ಟಿದೆ. ಅಲ್ಲಾಡುತ್ತಲೇ ಇಲ್ಲ.”

“ಕೆಟ್ಟಿಲ್ಲವ್ವಾ. ಮಾಂಸ ಬೆವರ್ಲಿಕತ್ತದ. ಕಾವೆಲ್ಲಾ ಬೆವರಿಗೇ ಹೋಗ್ತದ. ಅದಕ್ಕ ಮುಳ್ಳು ಏರೂದಿಲ್ಲ.”

“ಹಾಗಾದರೆ ಬಿಸಿ ಹೆಚ್ಚು ಮಾಡು!”

“ಹೆಚ್ಚು ಮಾಡಿದ್ರ ಮ್ಯಾಲೆ ಸುಡ್ತದ, ಒಳಗ ಹಗ್ಗ ಆಗ್ತದ. ಹಗ್ಗಾ ನುಂಗ್ಲಿ ನಿಮ್ಮವ್ವ?”

“ಒಂದು ಚೂರು ಕತ್ತರಿಸಿ ನೋಡೋಣ ಕಾಕಾ” ಎಂದೆ ನಾನು. ಅವರು ಬಾಗಿಲು ತೆರೆದು ಅಂಚಿನಿಂದ ತುಸು ಕೊಯ್ದು ನನಗೆ ಕೊಟ್ಟರು. ರುಚಿ ನೋಡುವ ಕೆಲಸ ನನ್ನದೇ ತಾನೇ. ಅಗಿದೆ, ಅಗಿದೆ, ಮುಗಿಯಲಿಲ್ಲ. ಕಾಕಾ ನನ್ನ ಗಂಟಲನ್ನೇ ನೋಡುತ್ತಿದ್ದರು. ನಾನು ಕಷ್ಟಪಟ್ಟು ನುಂಗಿದ್ದನ್ನು ನೋಡಿ ಬಾಗಿಲು ಮುಚ್ಚಿದರು. ಜನರ ಗಂಟಲೊಳಗೆ ನಳಿಗೆ ಇಳಿಸುತ್ತ ಬದುಕು ಕಳೆದ ಮನುಷ್ಯನಿಗೆ, ಇದನ್ನು ಆಂಟಿಗೆ ಕೊಟ್ಟರೆ ಏನಾಗುತ್ತದೆ ಎಂದು ನಾವು ಹೇಳಬೇಕಿರಲಿಲ್ಲ.

“ಆತೇನ್ರೀ?” ಈ ಸಲ ದನಿ ಇನ್ನೂ ಸಣ್ಣದಿತ್ತು. ಕಾಕಾ ಎದ್ದು ಹೋಗಿ ಹೆಂಡತಿಯ ಮಣಿಕಟ್ಟು ಹಿಡಿದು ಏನೋ ಹೇಳಿ ಬಂದರು. ಮತ್ತೆ ಕುರ್ಚಿ. ಮಗಳು ಅಳುತ್ತ ಹಿತ್ತಲಿಗೆ ಹೋದಳು. ನಾನು ಪಾತ್ರೆ ತೊಳೆದೆ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ. ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಮಗಳು ಒಳಗೆ ಬಂದ ಮೇಲೆ, ಆಂಟಿ ಮತ್ತೆ ಕೇಳುತ್ತಾರೆಂದು ಮೂವರೂ ಕಿವಿಗೊಟ್ಟಿದ್ದೆವು. ಅವರು ಕೇಳಲಿಲ್ಲ.

ಮುಳ್ಳು ಕದಲಿದ್ದು ಕಿಟಕಿಯ ಹೊರಗೆ ಕತ್ತಲಾಗುವಾಗ. ಒಮ್ಮೆ ಹೊರಟ ಮೇಲೆ ಅದು ಏರುತ್ತಲೇ ಹೋಯಿತು. ಮಾಂಸ ಹೊರಬಂದಾಗ ಮೇಲ್ಭಾಗ ಆಂಟಿ ಹೇಳಿದ ಹಾಗೇ ಕಪ್ಪಗಿತ್ತು. ಫೋರ್ಕ್ ತಾಗಿಸಿದರೆ ಸಾಕು, ಎಳೆ ಎಳೆಯಾಗಿ ಬಿಡುತ್ತಿತ್ತು. ನಾನು ರುಚಿ ನೋಡಿದೆ. ಅಂಥ ಮಾಂಸವನ್ನು ಮತ್ತೆಲ್ಲೂ ತಿಂದಿಲ್ಲ ಎಂದು ಬರೆಯಬೇಕೆನಿಸುತ್ತದೆ. ಆದರೆ ನಾಲಗೆಯ ನೆನಪನ್ನಂತೂ ನಂಬಲೇಬಾರದು.

“ಉಪ್ಪು?” ಎಂದರು ಕಾಕಾ.

“ಸರಿಯಾಗಿದೆ.”

ಬಟ್ಟಲು ಹಿಡಿದು ಹೋದರು. ಆಂಟಿ ನಿದ್ದೆಯಲ್ಲಿದ್ದರು, ಅಥವಾ ನಿದ್ದೆಗಿಂತ ಆಳದಲ್ಲಿದ್ದರು. ಕಾಕಾ ಹೆಸರು ಹಿಡಿದು ಕರೆದರು, ಕೆನ್ನೆ ತಟ್ಟಿದರು. ಎಷ್ಟೋ ಜನರನ್ನು ಹಾಗೆ ಹೆಸರು ಹಿಡಿದು ಕರೆದೇ ಎಬ್ಬಿಸಿದ್ದವರು. ಆಮೇಲೆ ಆದದ್ದೇ ನಾನೂ ಮಗಳೂ ಒಪ್ಪದ ಸಂಗತಿ. ಆಂಟಿ ಅಂದಿನ ನಂತರ ಮಾತಾಡಲಿಲ್ಲ. ಅದೇ ವಾರ ಹೋದರು.

ದೇವರನ್ನು ಕೆಳಗೆ ಒಯ್ಯಲು ಕಾಕಾ ಬರಲಿಲ್ಲ. ನಾನು ಒಂದೆರಡು ಸಲ ಕೇಳಿದೆ. “ಇರ್ಲಿ ಬಿಡೋ, ಅಲ್ಲೆ ಆರಾಮ ಇರ್ಬೇಕು” ಎಂದರು. ಕೆಲಸ ಸಿಕ್ಕಿ ನಾನು ಕಿಂಗ್ಸ್‌ಬರಿಗೆ ಹೊರಡುವವರೆಗೂ ಅವು ನನ್ನ ಮೇಜಿನ ಮೇಲೇ ಇದ್ದವು. ಬಟ್ಟಲಿನಲ್ಲಿದ್ದ ಮಾಂಸ ಏನಾಯಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮಗಳು ಅಪ್ಪನನ್ನು ನೋಡಲು ಬರುತ್ತಿದ್ದಳು, ಸಾಮಾನು ತಂದಿಡುತ್ತಿದ್ದಳು, ಬೇಗ ಹೊರಡುತ್ತಿದ್ದಳು. ನನ್ನೊಡನೆ ಒಮ್ಮೆ ಹೇಳಿದಳು: “ಕೆಟ್ಟ ಮೀಟರ್ ನಂಬಿಕೊಂಡು ಕೂತರು. ಅಮ್ಮ ಮೂರು ಸಲ ಕೇಳಿದಳು. ಮೂರು ಸಲ!” ಅವಳು ಹೇಳಿದ್ದು ನಿಜವಿರಬಹುದು ಎಂದು ನನಗೂ ಅನ್ನಿಸಿತ್ತು.

ಹೋದ ಚಳಿಗಾಲ ಕಾಕಾ ನಿದ್ದೆಯಲ್ಲೇ ತೀರಿಕೊಂಡರು. ಮನೆ ಖಾಲಿ ಮಾಡುವ ದಿನ ಮಗಳು ನನ್ನನ್ನು ಕರೆದಳು. ನೆನಪಿಗೆ ಏನಾದರೂ ತೆಗೆದುಕೋ ಎಂದಳು. ಅಡುಗೆಮನೆಯ ಡ್ರಾಯರಿನಲ್ಲಿ, ಎಸೆಯಲು ಬದಿಗಿಟ್ಟ ಚಮಚಗಳ ನಡುವೆ ಆ ಥರ್ಮಾಮೀಟರ್ ಇತ್ತು. “ಅದಾ?” ಎಂದಳು. ಮತ್ತೆ ಚಮಚಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅದನ್ನು ಕಿಂಗ್ಸ್‌ಬರಿಗೆ ತಂದೆ. ಎಷ್ಟೋ ದಿನ ಮುಟ್ಟಲಿಲ್ಲ. ಕೆಟ್ಟಿದ್ದರೆ ಒಂದು ಕಾರಣ ಸಿಕ್ಕಂತಾಗುತ್ತದೆ, ಬೈಯುವುದಕ್ಕೆ ಒಂದು ವಸ್ತು ಸಿಗುತ್ತದೆ. ನನಗೂ ಅದು ಬೇಕಿತ್ತು ಅನ್ನಿಸುತ್ತದೆ. ಕೊನೆಗೆ ಒಂದು ಬೆಳಿಗ್ಗೆ ಪಾತ್ರೆಯಲ್ಲಿ ನೀರು ಕಾಯಿಸಿ, ಚೆನ್ನಾಗಿ ಕುದಿಯತೊಡಗಿದ ಮೇಲೆ ಸೂಜಿ ಇಳಿಸಿದೆ. ಮುಳ್ಳು ಏರಿ ನೂರಕ್ಕೆ ನಿಂತಿತು. ಲೋಟದ ತುಂಬ ಮಂಜುಗಡ್ಡೆಯ ನೀರಿನಲ್ಲಿಟ್ಟೆ, ಸೊನ್ನೆಗಿಳಿಯಿತು. ಮತ್ತೆ ಕುದಿಯುವ ನೀರಿಗಿಟ್ಟೆ, ಮತ್ತೆ ನೂರು.

ಮೀಟರ್ ಸರಿಯಾಗಿತ್ತು. ಆ ಮಧ್ಯಾಹ್ನ, ಆಂಟಿ ಕೇಳಿದ ಮೂರು ಸಲವೂ, ಮಾಂಸ ನಿಜಕ್ಕೂ ಬೆಂದಿರಲಿಲ್ಲ.