ರಿಮ್ಮಿನ ಒಳಬದಿಯ ಗೆರೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಾಂಗೆರೆಯ ಸಮೋವನ್ ವಲಸಿಗರ ಚರ್ಚಿನ ಅಂಗಳದಲ್ಲಿ ಮತಲೇನಾ ಫಸವಾಲು ರಟ್ಟಿನ ಹಾಳೆ ಹಾಸಿಕೊಂಡು ಬೋರಲು ಮಲಗಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉದ್ದ ಹಿಡಿಕೆಯ ಕನ್ನಡಿ. ಹಲ್ಲಿನ ಡಾಕ್ಟರು ಬಾಯೊಳಗೆ ಆಡಿಸುವ ಕನ್ನಡಿಯ ದೊಡ್ಡಣ್ಣ ಅನ್ನಬಹುದು. ಎದುರಿಗಿರುವ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಬೆಕ್ಕು ಕೂಡ ಯೋಚಿಸಿಯೇ ನುಗ್ಗಬೇಕು.

"ಏನ್ ಆಂಟಿ, ಪ್ರಾರ್ಥನೆ ಇಷ್ಟು ಬೇಗ ಶುರುವಾಯ್ತಾ?" ಎಂದು ಕಾರಿನೊಡೆಯ ಚುಡಾಯಿಸುತ್ತಾನೆ.

"ನಿನ್ ಟೈರಿಗೆ ಬರೀ ಪ್ರಾರ್ಥನೆ ಸಾಲಲ್ಲ ಕಣೋ, ಗಾಳೀನೂ ಹಾಕ್ಸು. ಎರಡು ಪೌಂಡು ಕಮ್ಮಿ ಇದೆ."

ಅಂಗಳದಲ್ಲಿ ಮೂವತ್ತೆಂಟು ಕಾರುಗಳು ಸಾಲಾಗಿ ನಿಂತಿವೆ. ಎಲ್ಲವೂ ನೆಲಕ್ಕಂಟಿದ, ಎಳೆದು ಕೂರಿಸಿದ ಟೈರಿನ ಕಾರುಗಳು. ಚರ್ಚಿಗೆ ಇವತ್ತು ಐವತ್ತು ತುಂಬುತ್ತದೆ. ಮೆರವಣಿಗೆ ಇಲ್ಲಿಂದ ಹೊರಟು ದೊಡ್ಡ ಸರ್ಕಲ್ ಸುತ್ತಿ ಸಮುದಾಯ ಭವನ ಮುಟ್ಟಬೇಕು. ಹೋದ ವರ್ಷ ಇದೇ ಸರ್ಕಲ್ಲಿನಲ್ಲಿ ಒಂದು ಕಾರಿನ ಟೈರು ರಿಮ್ಮಿನಿಂದ ಕಳಚಿಕೊಂಡು, ಕಾರು ಜಾರಿಹೋಗಿ ಬಸ್ ನಿಲ್ದಾಣದ ಬೆಂಚನ್ನು ಮುರಿದಿತ್ತು. ಪುಣ್ಯಕ್ಕೆ ಬೆಂಚಿನ ಮೇಲೆ ಯಾರೂ ಇರಲಿಲ್ಲ. ಆ ಟೈರು ಕೂರಿಸಿದ್ದು ಮತಲೇನಾರ ಅಂಗಡಿಯಲ್ಲಿ ಅಲ್ಲ. ಆದರೆ ಚರ್ಚಿನ ಅಂಗಳದ ಗೇಟು ಇಂಥ ಕಾರುಗಳಿಗೆಲ್ಲ ಒಟ್ಟಿಗೇ ಮುಚ್ಚಿತು.

ಗೇಟು ಮತ್ತೆ ತೆರೆಸಿದ್ದು ಅವರೇ. ಫೆಬ್ರವರಿಯ ಹಿರಿಯರ ಸಭೆಯಲ್ಲಿ ಎದ್ದು ನಿಂತು, "ಒಂದೇ ಒಂದು ಅವಕಾಶ ಕೊಡಿ. ಒಂದು ಟೈರು ರಿಮ್ಮು ಬಿಟ್ರೂ ನಾನು ಎಳೆದು ಕೂರಿಸೋ ಕೆಲಸಾನೇ ಬಿಟ್ಬಿಡ್ತೀನಿ" ಎಂದಿದ್ದರು. ಹಿರಿಯ ಎಲಿಸಾಯಾ ಅದನ್ನು ಅಚ್ಚುಕಟ್ಟಾಗಿ ಠರಾವಿಗೆ ಬರೆಸಿದರು: ಈ ಗೇಟಿನಿಂದ ಹೊರಡುವ ಪ್ರತಿ ವಾಹನವನ್ನೂ ಮತಲೇನಾ ಪರೀಕ್ಷಿಸಿ ಒಪ್ಪಬೇಕು, ಒಂದು ಟೈರು ಕಳಚಿದರೂ ಗೇಟು ಶಾಶ್ವತವಾಗಿ ಬಂದ್.

ಅಗಲದ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವ ಈ ಶೋಕಿಯ ಗುಟ್ಟು ಇಷ್ಟೆ: ಟೈರಿನ ಪಕ್ಕೆ ಒಳಕ್ಕೆ ಓರೆಯಾಗುತ್ತದೆ, ರಿಮ್ಮಿನ ತುಟಿ ಹೊಳೆಯುತ್ತ ಹೊರಗೆ ಕಾಣುತ್ತದೆ, ಕಾರು ಇನ್ನೂ ಎರಡು ಬೆರಳು ಕೆಳಗಿಳಿಯುತ್ತದೆ. ನೋಡಲು ಬಲು ಸೊಗಸು. ಅತಿಯಾದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನ ಕೈಬಿಡುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಮತಲೇನಾ ಬದುಕಿರುವುದು ಈ ಸೊಗಸಿಗೂ ಆ ಅತಿಗೂ ನಡುವಿನ ಕಿರಿದಾದ ಜಾಗದಲ್ಲಿ.

ಸಮೋವಾದ ಸವಾಯಿ ದ್ವೀಪದಿಂದ ಇಲ್ಲಿಗೆ ಬಂದಾಗ ಅವರಿಗೆ ಹತ್ತೊಂಬತ್ತು. ಹಲವು ಕೆಲಸ ಮಾಡಿ, ಕೊನೆಗೆ ದಾಯಾದಿಯೊಬ್ಬನ ಟೈರ್ ಅಂಗಡಿಯಲ್ಲಿ ಫೋನ್ ಎತ್ತಲು ಕೂತರು. ಒಂದು ಸೋಮವಾರ ಕೆಲಸಗಾರ ಬರಲಿಲ್ಲ. ಇವರು ಫೋನ್ ಇಟ್ಟು ಸಬ್ಬಲು ಎತ್ತಿದರು. ಮೊದಮೊದಲು ಗಿರಾಕಿಗಳು "ಒಳಗೆ ಗಂಡಸರು ಯಾರೂ ಇಲ್ವಾ?" ಎನ್ನುತ್ತಿದ್ದರು. "ಇದಾರೆ, ಟೀ ಮಾಡ್ತಿದಾರೆ. ಕರೀಲಾ?" ಎನ್ನುತ್ತಿದ್ದರು ಇವರು. ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ, ಬಲಗಿವಿ ಅರ್ಧ ಕೇಳಿಸುತ್ತದೆ. ಗಿರಾಕಿಯೊಬ್ಬ ಅವಸರಕ್ಕೆ ಬಿದ್ದು ಟೈರಿನೊಳಗೆ ಪೆಟ್ರೋಲು ಚಿಮುಕಿಸಿ, ಬೆಂಕಿ ಗೀರಿ ಕೂರಿಸಲು ಹೋದ ದಿನದ ಉಡುಗೊರೆ ಅದು. "ಅವನಿಗೇನೂ ಆಗ್ಲಿಲ್ಲ, ಹುಬ್ಬು ಹೋಯ್ತು ಅಷ್ಟೆ. ಈಗ ಪಾಸ್ಟರ್ ಆಗಿದಾನೆ" ಎಂದು ನಗುತ್ತಾರೆ.

ದಿನಕ್ಕೆ ಇಪ್ಪತ್ತೈದು, ಮೂವತ್ತು ಟೈರು ಕೈದಾಟುತ್ತವೆ. ಎಳೆದು ಕೂರಿಸುವುದು ಅವುಗಳಲ್ಲಿ ಆರೋ ಎಂಟೋ. ದಿನಕ್ಕೆ ಮೂರು ಜನರನ್ನಾದರೂ ವಾಪಸ್ ಕಳಿಸುತ್ತಾರೆ. ಟೈರು ತಯಾರಕರ ಪಟ್ಟಿಯಲ್ಲಿ ಎಂಟೂವರೆ ಇಂಚು ಅಗಲದ ರಿಮ್ಮಿನವರೆಗೆ ಎಂದಿದ್ದರೆ ಎಂಟೂವರೆಯೇ. ಒಂಬತ್ತು ಕೇಳಿದವರಿಗೆ ಬಾಗಿಲು ತೋರಿಸುತ್ತಾರೆ. ಹಾಗಿದ್ದೂ ಅವರು ಕೂರಿಸಿದ ಟೈರು ಬೇರೆಯವರ ಹತ್ತಿಂಚಿನಷ್ಟು ಎಳೆದಂತೆ ಕಾಣುವುದು ಹೇಗೆ? "ಒಂದೇ ಅಳತೆ ಬರೆದಿದ್ರೂ ಎಲ್ಲಾ ಟೈರು ಒಂದೇ ಮೈಕಟ್ಟಲ್ಲ. ಕೆಲವಕ್ಕೆ ಭುಜ ಚೌಕ, ಕೆಲವಕ್ಕೆ ಗುಂಡಗೆ. ಗುಂಡಗಿನ ಭುಜದ್ದು ಹುಡುಕಿ ತರ್ತೀನಿ. ನೋಡೋರ ಕಣ್ಣಿಗೆ ಎಳೆದಿದೆ, ಟೈರಿಗೆ ಗೊತ್ತೇ ಇಲ್ಲ."

ಕೂರಿಸಿದ ಮೇಲೆ ಟೈರಿನಿಂದ ರಿಮ್ಮಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ ಬಳಿಯುತ್ತಾರೆ. ಟೈರು ರಿಮ್ಮಿನ ಮೇಲೆ ಕೂದಲೆಳೆಯಷ್ಟು ಜರುಗಿದರೂ ಗೆರೆ ತುಂಡಾಗುತ್ತದೆ. ಊರಿನ ಹುಡುಗರಿಗೆ ಈ ಗೆರೆಯೇ ಒಂದು ಗೌರವ. ಅವರ ಅಂಗಡಿಯ ಮುಖವನ್ನೇ ನೋಡದವರೂ ಮನೆಯಲ್ಲಿ ಗೆರೆ ಬಳಿದುಕೊಂಡು ತಿರುಗುವುದುಂಟು. ಅದು ಗೊತ್ತಿದ್ದೇ ಮತಲೇನಾ ಚಕ್ರದ ಒಳಬದಿಯಲ್ಲೂ ಒಂದು ಗೆರೆ ಎಳೆಯುತ್ತಾರೆ. "ಹೊರಗಿಂದು ಫೋಟೋಗೆ. ಒಳಗಿಂದು ನನಗೆ."

ಮೂವತ್ತೇಳು ಕಾರು ಮುಗಿದು ಕನ್ನಡಿ ಈಗ ಕೊನೆಯ ಕಾರಿನಡಿಗೆ ಹೋಗಿದೆ. ಮೆರವಣಿಗೆಯ ಮುಂದೆ ಹೋಗಬೇಕಾದ, ಲುಪೆಯ ಬೆಳ್ಳಿ ಬಣ್ಣದ ಕಾರು ಅದು. ಲುಪೆ ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ. ನಾಲ್ಕು ವರ್ಷದ ರಜೆಯನ್ನೆಲ್ಲ ಈ ಕಾರಿಗೇ ಸುರಿದವಳು. ಹೊರಗೆ ನಾಲ್ಕೂ ಗೆರೆ ನೆಟ್ಟಗಿವೆ. ಒಳಗೆ, ಹಿಂದಿನ ಎರಡು ಚಕ್ರಗಳಲ್ಲಿ, ಗೆರೆ ಎರಡು ಬೆರಳು ಜರುಗಿದೆ.

"ಹೊರಗಿನ ಗೆರೆ ಯಾರೇ ಬಳಿದಿದ್ದು?"

"ನಾನೇ ಆಂಟಿ. ಸೊಟ್ಟ ಕಾಣ್ತಿತ್ತು, ಫೋಟೋದಲ್ಲಿ ಚೆನ್ನಾಗಿರಲ್ಲ ಅಂತ ಒರೆಸಿ ನೆಟ್ಟಗೆ ಹಾಕ್ದೆ."

"ಜ್ವರ ಬಂತು ಅಂತ ಥರ್ಮಾಮೀಟರ್ ತಿದ್ದೋ ನರ್ಸು ನೀನು! ಗಾಳಿ ಎಷ್ಟಿದೆ?"

ಲುಪೆ ಮಾಪಕ ಹಚ್ಚಿ ತೋರಿಸುತ್ತಾಳೆ. ನಲವತ್ತಿರಬೇಕಾದಲ್ಲಿ ಇಪ್ಪತ್ತಾರಿದೆ. "ಅಜ್ಜಿಗೆ ಸೊಂಟ ನೋವು ಆಂಟಿ. ಗಟ್ಟಿ ಕುಲುಕುತ್ತೆ ಅಂದ್ಲು. ಅದಕ್ಕೆ ಸ್ವಲ್ಪ ಇಳಿಸ್ದೆ."

"ಇದು ಹೊರಡಲ್ಲ."

ಲುಪೆಯ ಕಣ್ಣು ತುಂಬುತ್ತದೆ. ಹಿರಿಯ ಎಲಿಸಾಯಾ ದೂರದಿಂದಲೇ ಗಡಿಯಾರ ನೋಡುತ್ತಾರೆ; ಗೇಟು ಮುಚ್ಚಿಸಲು ಅವರಿಗೆ ಬೇಕಾಗಿದ್ದ ನೆಪ ಸಿಕ್ಕಿದಂತಿದೆ. ಮತಲೇನಾ ಹಾಗೆ ಬಿಡುವವರಲ್ಲ. ಎರಡು ಚಕ್ರ ಕಳಚಿಸಿ ಪಿಕಪ್‌ಗೆ ಎಸೆಸಿ, ಐದು ನಿಮಿಷದ ದಾರಿಯ ಅಂಗಡಿಗೆ ಹೋಗಿ, ಅಂಚು ಉಜ್ಜಿ, ಪೂರ್ತಿ ಗಾಳಿ ತುಂಬಿ, ಹೊಸ ಗೆರೆ ಬಳಿದು ನಲವತ್ತು ನಿಮಿಷದಲ್ಲಿ ಮರಳುತ್ತಾರೆ. ಅಜ್ಜಿಯ ಸೀಟಿಗೆ ತಮ್ಮ ಅಂಗಡಿಯ ದಿಂಬನ್ನೂ ತಂದಿದ್ದಾರೆ. "ಮೆತ್ತಗೆ ಬೇಕಾದ್ರೆ ಕೂರೋ ಕಡೆ ಮಾಡ್ಕೋ, ಟೈರಲ್ಲಲ್ಲ."

ಪರೀಕ್ಷೆ ಇಷ್ಟಕ್ಕೇ ಮುಗಿಯಲಿಲ್ಲ. ಅವರೇ ಹಾಕಿದ ನಿಯಮದಂತೆ ಪ್ರತಿ ಕಾರೂ ಅಂಗಳದ ಉದ್ದಕ್ಕೂ ಓಡಿ ಮೂರು ಸಲ ಗಕ್ಕನೆ ಬ್ರೇಕು ಹಾಕಬೇಕು, ಎರಡು ಸಲ ಸರಕ್ಕನೆ ತಿರುಗಬೇಕು. ತೆಂಗಿನಹಾಲಿನ ಬನ್ನು ಹಂಚುತ್ತಿದ್ದ ಹೆಂಗಸರೂ ತಟ್ಟೆ ಹಿಡಿದು ನಿಂತಿದ್ದಾರೆ. ಮತಲೇನಾ ಕಣ್ಣು ಮುಚ್ಚಿ ಎಡಗಿವಿಯನ್ನು ಮುಂದೆ ಮಾಡಿದ್ದಾರೆ. ಅಂಚು ಬಿಡುವ ಮೊದಲು ಟೈರು ಒಂದು ಬಗೆಯಲ್ಲಿ ನರಳುತ್ತದಂತೆ. ಒಂದೊಂದಾಗಿ ಮೂವತ್ತೇಳು ಕಾರು ಹೋಗುತ್ತವೆ. ಕೊನೆಗೆ ಲುಪೆ. ಬ್ರೇಕು, ಬ್ರೇಕು, ಬ್ರೇಕು, ತಿರುವು, ತಿರುವು. ಕನ್ನಡಿ ಮತ್ತೆ ಒಳಗೆ ಹೋಗಿ ಬರುತ್ತದೆ. ಗೆರೆ ಕದಲಿಲ್ಲ. ಎದ್ದ ಕೂಗಿಗೆ ಚರ್ಚಿನ ಮಾಡಿನ ಮೇಲಿದ್ದ ಕಡಲಹಕ್ಕಿಗಳೆಲ್ಲ ಹಾರಿಹೋಗುತ್ತವೆ.

ಆಗ ಹಿರಿಯ ಎಲಿಸಾಯಾ, ಬಿಳಿ ಉಡುಗೆ, ಬಿಳಿ ಟೋಪಿಯ ಹದಿನಾಲ್ಕು ಹಾಡುಗಾರ್ತಿಯರನ್ನು ತುಂಬಿಕೊಂಡ ಚರ್ಚಿನ ವ್ಯಾನನ್ನು ಗೇಟಿನತ್ತ ತಿರುಗಿಸುತ್ತಾರೆ. ಮತಲೇನಾ ಅಡ್ಡ ನಿಲ್ಲುತ್ತಾರೆ.

"ಪ್ರತಿ ವಾಹನ ಅಂತ ಬರೆಸಿದೀರಿ ಹಿರಿಯರೇ."

"ಇದು ಚರ್ಚಿನ ವ್ಯಾನು ತಂಗಿ!"

"ಟೈರಿಗೆ ಅದು ಗೊತ್ತಿರಲ್ಲ." ಬಗ್ಗಿ, ಪಕ್ಕೆಯ ಮೇಲಿನ ಅಂಕಿ ಓದುತ್ತಾರೆ. "ತಯಾರಾಗಿ ಹನ್ನೊಂದು ವರ್ಷ. ನನ್ ಕೊನೇ ಮಗಳಿಗಿಂತ ದೊಡ್ಡದು. ನೋಡಿ, ಬಿರುಕಲ್ಲಿ ಉಗುರು ಹೋಗುತ್ತೆ. ಎಲ್ರೂ ಇಳೀರಿ."

ಹೀಗೆ ಆ ದಿನ ಪರೀಕ್ಷೆಯಲ್ಲಿ ಫೇಲಾಗಿ ಅಂಗಳದಲ್ಲೇ ಉಳಿದ ಗಾಡಿ ಅದೊಂದೇ. ಕಾರಿಗೊಬ್ಬರಂತೆ ಹಾಡುಗಾರ್ತಿಯರು ಆ ಕುಳ್ಳು ಕಾರುಗಳಿಗೆ, ಟೋಪಿ ಕೈಯಲ್ಲಿ ಹಿಡಿದು, ಕಿಲಕಿಲ ನಗುತ್ತ ಇಳಿಯುತ್ತಾರೆ, ಹತ್ತುವುದು ಎನ್ನುವಂತಿಲ್ಲ. ಕಿಟಕಿಗಳೆಲ್ಲ ತೆರೆದಿವೆ. ಒಂದು ಕಾರಿನ ಹಾಡನ್ನು ಹಿಂದಿನ ಕಾರು ಎತ್ತಿಕೊಳ್ಳುತ್ತ ಮೂವತ್ತೆಂಟು ಕಾರುಗಳ ಸಾಲು ಸರ್ಕಲ್ ಸುತ್ತಿ ಭವನ ಮುಟ್ಟುತ್ತದೆ. ಹಿರಿಯ ಎಲಿಸಾಯಾ ಬಂದದ್ದು ಲುಪೆಯ ಕಾರಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಹೊರಗೆಳೆಯಲು ಇಬ್ಬರು ಬೇಕಾಯಿತು. ಎದ್ದು ನಿಂತವರೇ, ಊಟಕ್ಕೂ ಮೊದಲು, ಮುಂದಿನ ವರ್ಷಕ್ಕೂ ಗೇಟು ತೆರೆದಿರುತ್ತದೆ ಎಂದು ಸಾರಿದರು.

ಸೋಮವಾರ ಬೆಳಿಗ್ಗೆ ಮತಲೇನಾರ ಅಂಗಡಿಯಲ್ಲಿ ಚರ್ಚಿನ ವ್ಯಾನು ಜಾಕಿನ ಮೇಲಿದೆ. ನಾಲ್ಕು ಹೊಸ ಟೈರು ಕೂತಾಗಿದೆ. ಪಕ್ಕದಲ್ಲಿ ನಿಂತ ಹಿರಿಯರು ಬಹಳ ಹೊತ್ತು ಅದನ್ನೇ ನೋಡಿ, ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳುತ್ತಾರೆ:

"ಇದನ್ನ ಒಂಚೂರು ಕೆಳಗೆ ಇಳಿಸೋಕಾಗುತ್ತಾ ತಂಗಿ?"

ಮತಲೇನಾ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ: "ಹದಿನಾಲ್ಕು ಜನ ಕೂತ್ಕೊಳ್ಲಿ ಹಿರಿಯರೇ, ತಾನಾಗೇ ಇಳಿಯುತ್ತೆ."