ಪೆಟ್ರೋಲ್ ಗಾಡಿಗೆ ಏಳದ ಕುರಿಗಳು

ಗೆಳೆಯರೇ, ಇವತ್ತು ನಾನು ಮೊದಲ ಕಾರು ಮಾರಿದೆ! "ಡೀಸೆಲ್ ಗಾಡಿನೇ ಮಾರು, ಇಲ್ದಿದ್ರೆ ನಾಳೆಯಿಂದ ಬರ್ಬೇಡ" ಎಂದು ಶೋರೂಮ್ ಮ್ಯಾನೇಜರ್ ಹೇಳಿದ್ದರು. ಹತ್ತನೇ ಕ್ಲಾಸು ಮುಗಿಸದ ನನಗೆ ಸಿಕ್ಕಿರುವ ಕೆಲಸ ಇದೊಂದೇ. ಆದರೂ ಚಿಕ್ಕ ಎಸ್‌ಯುವಿ ಕೊಳ್ಳಲು ಬಂದ, ಮಾಗಡಿ ಪಕ್ಕದ ಕಲ್ಯ ಗ್ರಾಮದಲ್ಲಿ ಕುರಿ ಸಾಕುವ ಯಜಮಾನರಿಗೆ ಸುಳ್ಳು ಹೇಳಲಾಗಲಿಲ್ಲ.

"ನೀವು ಓಡಾಡೋದು ಮಾಗಡಿಗಂಟ ತಾನೆ? ಡೀಸೆಲ್‌ಗೆ ಹಾಕೋ ಹೆಚ್ಚಿನ ದುಡ್ಡು ವಾಪಸ್ ಬರಕ್ಕಿಲ್ಲ. ಪೆಟ್ರೋಲೇ ತಗೊಳ್ಳಿ" ಎಂದೆ. ಮ್ಯಾನೇಜರ್ ದುರುಗುಟ್ಟಿ ನೋಡಿದರು.

ಪೆಟ್ರೋಲ್ ಗಾಡಿಯನ್ನು ಅವರ ಊರಿನವರೆಗೂ ಓಡಿಸಿ ನೋಡಿದೆವು. ದಾರಿಯಲ್ಲಿ ಮಲಗಿದ್ದ ಅವರದೇ ಕುರಿಗಳು ಮೇಲೇಳಲಿಲ್ಲ.

"ಹಾರ್ನ್ ಹೊಡೀರಿ ಯಜಮಾನ್ರೇ."

"ಬೆದರಿ ಚೆಲ್ಲಾಪಿಲ್ಲಿ ಆಯ್ತವೆ ಕಣ್ಲಾ ಮಗ. ಟ್ರ್ಯಾಕ್ಟರ್ ತರ ಗುಡುಗುಡು ಅಂದ್ರೆ ಅವೇ ಎದ್ದು ಜಾಗ ಬುಡ್ತವೆ. ಡೀಸೆಲ್ಲೇ ಕೊಡು!"

ಸಂಜೆ ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಮಾರಿದ್ದು ನಾನಲ್ಲ ಸಾರ್, ಕುರಿಗಳು ಎಂದು ನಿಜವನ್ನೇ ಹೇಳಿದೆ. ನಂಬಲಿಲ್ಲ.