ಅಳ್ಳಾಡಿದವರು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕೊಪ್ಪಳದ ಫೋಟೊಗ್ರಾಫರ್ ವಿರೂಪಾಕ್ಷಪ್ಪನವರಿಗೆ, ಚಿತ್ರ ದೊಡ್ಡದು ಮಾಡುವ ಅವರ ಹಳೆಯ ಎನ್ಲಾರ್ಜರ್ ಮನೆಯ ಅಳಿಯನಿದ್ದಂತೆ. ಅದರ ತಪ್ಪನ್ನು ಯಾರೂ ಎತ್ತಿ ಆಡಕೂಡದು. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಆ ಯಂತ್ರದಿಂದ ಬಂದ ಪ್ರತಿ ಪಟದ ಒಂದು ಮಗ್ಗುಲು ಮಸುಕು. ಯಾರಾದರೂ ಬೆರಳಿಟ್ಟು ತೋರಿಸಿದರೆ ವಿರೂಪಾಕ್ಷಪ್ಪನವರದು ಒಂದೇ ಮಾತು: "ನೀವ ಅಳ್ಳಾಡೀರಿ ನೋಡ್ರಿ." ಮದುಮಗಳು ಅಳ್ಳಾಡಿದ್ದಳು, ಪೊಲೀಸು ಠಾಣೆಯ ಅಮೀನ ಸಾಹೇಬರು ಅಳ್ಳಾಡಿದ್ದರು, ಸಾಹೇಬರ ಹಿಂದಿನ ಕಲ್ಲುಕಂಬವೂ ಅಳ್ಳಾಡಿತ್ತು. ಒಮ್ಮೆ ಬೇವೂರಿನ ಕಳಕಮ್ಮ ಪಟವೊಂದನ್ನು ವಾಪಸು ತಂದಳು. ತೀರಿಕೊಂಡ ಗಂಡನನ್ನು ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿ ತೆಗೆಸಿದ್ದ ಕಡೆಯ ಪಟ ಅದು. "ಎಡಗಿವಿ ಕಾಣವಲ್ದ್ರಿ" ಎಂದಳು. "ಅವರು ಅಳ್ಳಾ…" ಎಂದ ವಿರೂಪಾಕ್ಷಪ್ಪ ಅಲ್ಲಿಗೇ ಬಾಯಿ ಮುಚ್ಚಿದರು. ಕತ್ತಲೆಕೋಣೆ ಹೊಕ್ಕವರು, ಯಂತ್ರದ ವಾಲಿದ ತಲೆಯ ಕೆಳಗೆ ರಟ್ಟಿನ ಚೂರು ತುರುಕುತ್ತ, ಪಟದ ನಾಲ್ಕೂ ಮೂಲೆ ನಿಚ್ಚಳವಾಗುವ ತನಕ ಹೊರಗೆ ಬರಲಿಲ್ಲ. ಹೊಸ ಪಟವನ್ನು ಅವಳ ಕೈಗಿಟ್ಟು, "ಅವರು ಅಳ್ಳಾಡಿದ್ದಿಲ್ಲವಾ ತಂಗಿ. ನಮ್ಮದ ವಾಲಿತ್ತು" ಎಂದರು. ಕಳಕಮ್ಮ ಆ ಎಡಗಿವಿಯನ್ನು ಬೆರಳಿನಿಂದ ಸವರಿ ನಿರಾಳವಾಗಿ ಉಸಿರು ಬಿಟ್ಟಳು. "ಅವರಿಗೆ ಇದೊಂದ ಕಿವಿ ಕೇಳತಿತ್ರಿ."